ಮೈಸೂರಿನ ನಕ್ಷೆ ಬರೆದ ಸಾಹೇಬ ಮತ್ತು ಸರಪಳಿ ಹಿಡಿದ ಕೈಗಳು

(ಸಂಘದ ವಾಚನಾಲಯದಲ್ಲಿ ನಡೆದ ಅಭ್ಯಾಸ ಮಾಲೆಯಲ್ಲಿ ಮಾಡಿದ ಭಾಷಣ)



ಪಗಾರ, ರಜೆ, ಬೋನಸ್ಸುಗಳ ಮಾತನ್ನು ಈ ವೇದಿಕೆಯಿಂದ ನಾವು ಅನೇಕ ಸಲ ಆಡಿದ್ದೇವೆ. ಇಂದು ಬೇರೊಂದು ವಿಷಯ ಎತ್ತಿಕೊಂಡಿದ್ದೇವೆ. ಇನ್ನೂರು ವರ್ಷಗಳ ಹಿಂದೆ ನಮ್ಮ ಸೀಮೆಯನ್ನು ಅಳೆದು ನಕ್ಷೆ ಬರೆಸಿದ ಒಬ್ಬ ಇಂಗ್ಲಿಷ್ ಕಂಪನಿಯ ಸೈನ್ಯದ ಇಂಜಿನಿಯರನ ವಿಷಯ ಅದು. ಹೆಸರು ಕಾಲಿನ್ ಮೆಕೆಂಜಿ. ದಿನವಿಡೀ ನಿಂತು ಕಾಲು ಸೋತು ಬಂದವರಿಗೆ ಯಾವನೋ ಬಿಳಿಯ ಸಾಹೇಬನ ಕಥೆ ಯಾಕೆ ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಕ್ಷೆ ಎಂದರೆ ಗೋಡೆಗೆ ತೂಗುಹಾಕುವ ಚಿತ್ರವಷ್ಟೇ ಅಲ್ಲ. ಅದೂ ಒಂದು ದುಡಿಮೆಯ ಫಲ. ಒಂದು ಥಾನು ಬಟ್ಟೆಯ ಹಿಂದೆ ಎಷ್ಟು ಖಾತೆಗಳ ಕೈಗಳಿವೆಯೋ, ಒಂದು ತಟ್ಟೆ ಊಟದ ಹಿಂದೆ ಎಷ್ಟು ಜನರ ಬೆವರಿದೆಯೋ, ಒಂದು ನಕ್ಷೆಯ ಹಿಂದೆಯೂ ಅಷ್ಟೇ ಜನ ಇರುತ್ತಾರೆ. ಆ ಜನ ಯಾರು, ಅವರಿಗೆ ಏನು ಸಿಕ್ಕಿತು ಎಂಬುದು ನಮಗೆ ಸಂಬಂಧಪಟ್ಟ ಮಾತು.

ಮೊದಲು ಸಾಹೇಬನ ವಿಷಯ. ಮೆಕೆಂಜಿ ಹುಟ್ಟಿದ್ದು 1754ರಲ್ಲಿ, ಸ್ಕಾಟ್ಲೆಂಡಿನ ವಾಯವ್ಯಕ್ಕೆ ಸಮುದ್ರದಲ್ಲಿರುವ ಲೂಯಿಸ್ ದ್ವೀಪದ ಸ್ಟಾರ್ನವೇ ಎಂಬ ಬಂದರಿನಲ್ಲಿ. ತಂದೆ ಅಲ್ಲಿನ ವ್ಯಾಪಾರಿ. ಮಗ ಅದೇ ಊರಿನ ಸುಂಕದ ಕಚೇರಿಯಲ್ಲಿ ಅಧಿಕಾರಿಯಾಗಿದ್ದ. ಲೆಕ್ಕಶಾಸ್ತ್ರದಲ್ಲಿ ಬಹಳ ಆಸಕ್ತಿ. ಲಾಗರಿದಮ್ ಲೆಕ್ಕವನ್ನು ಕಂಡುಹಿಡಿದ ನೇಪಿಯರನ ಚರಿತ್ರೆ ಬರೆಯಲು ಹೊರಟಿದ್ದ ಅವನ ವಂಶದವರೊಬ್ಬರಿಗೆ ಹಿಂದೂಗಳ ಗಣಿತದ ಮಾಹಿತಿ ಹುಡುಕಿಕೊಡುವ ಸಂಬಂಧದಿಂದಲೂ ಅವನ ಮನಸ್ಸು ಇತ್ತ ಹರಿಯಿತು. 1783ರಲ್ಲಿ, ಮೂವತ್ತರ ಹತ್ತಿರದ ವಯಸ್ಸಿನಲ್ಲಿ, ಅವನು ಮದ್ರಾಸಿಗೆ ಬಂದು ಇಳಿದ. ಮೊದಲು ಕಾಲಾಳು ಪಡೆ, 1786ರಲ್ಲಿ ಇಂಜಿನಿಯರ್ ದಳ. ಅಲ್ಲಿಂದ ಮುಂದೆ 38 ವರ್ಷ ಈ ಕಡೆಯೇ ದುಡಿದು ಇಲ್ಲಿಯೇ ಸತ್ತ. ಹುಟ್ಟಿದ ಊರನ್ನು ಮತ್ತೆ ನೋಡಲಿಲ್ಲ. ಊರು ಬಿಟ್ಟು ಹೊಟ್ಟೆಪಾಡಿಗೆ ದೂರ ಬಂದವನು ಅವನೂ ಹೌದು. ಆದರೆ ಅವನು ಬಂದದ್ದು ಆಳುವವರ ಪಂಕ್ತಿಗೆ, ನಾವು ಬಂದದ್ದು ಬಡಿಸುವವರ ಪಂಕ್ತಿಗೆ. ಈ ವ್ಯತ್ಯಾಸವನ್ನು ಮರೆಯದೆ ಮುಂದಿನ ಕಥೆ ಕೇಳಬೇಕು.

ಸೈನ್ಯದ ಇಂಜಿನಿಯರ್ ಎಂದರೆ ಏನು ಕೆಲಸ? ಕೋಟೆಯ ಗೋಡೆ ಎಲ್ಲಿ ತೆಳುವಾಗಿದೆ ಎಂದು ನೋಡಬೇಕು; ತೋಪು ಇಡುವ ದಿಬ್ಬ ಕಟ್ಟಿಸಬೇಕು; ಹೊಳೆ ದಾಟುವ ದಾರಿ ಹುಡುಕಬೇಕು; ದಂಡು ನಡೆಯುವ ಮಾರ್ಗದಲ್ಲಿ ನೀರು ಎಲ್ಲಿದೆ, ಹುಲ್ಲು ಎಲ್ಲಿದೆ ಎಂದು ಬರೆದಿಡಬೇಕು. ಟಿಪ್ಪು ಸುಲ್ತಾನನ ಮೇಲೆ 1790ರಿಂದ 1792ರವರೆಗೆ ನಡೆದ ಯುದ್ಧದಲ್ಲಿ ಮೆಕೆಂಜಿ ಈ ಕೆಲಸ ಮಾಡಿದ. ಆಮೇಲೆ ನಿಜಾಮನ ಸೀಮೆಯನ್ನು ಅಳೆಯಲು ಹೋದ. ನಡುವೆ ಪಾಂಡಿಚೇರಿಯ ಮುತ್ತಿಗೆ, ಸಿಂಹಳದ ದಂಡಯಾತ್ರೆ. 1799ರ ಕೊನೆಯ ಯುದ್ಧದಲ್ಲಿ ನಿಜಾಮನ ಕಡೆಯ ಸೈನ್ಯದ ಇಂಜಿನಿಯರನಾಗಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ. 1799ರ ಮೇ 4ರಂದು ಪಟ್ಟಣ ಬಿತ್ತು, ಟಿಪ್ಪು ಮಡಿದ.

ಗೆದ್ದವರು ಸೀಮೆಯನ್ನು ಹಂಚಿಕೊಂಡರು. ಕೆನರಾ ಮತ್ತು ಕೊಯಮತ್ತೂರು ಕಂಪನಿಗೆ. ಈಶಾನ್ಯದ ಕೆಲವು ಸೀಮೆಗಳು ನಿಜಾಮನಿಗೆ. ಉಳಿದ ನಡುಭಾಗ ಬಾಲಕನಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿಗೆ, ಪೂರ್ಣಯ್ಯನವರ ದಿವಾನಗಿರಿಯಲ್ಲಿ. ನಮ್ಮಲ್ಲಿ ದಕ್ಷಿಣ ಕನ್ನಡ, ಉಡುಪಿ ಕಡೆಯವರು ಬಹಳ ಜನ ಇದ್ದಾರೆ. ಘಟ್ಟದ ಕೆಳಗಿನವರು ಒಂದು ಸರಕಾರಕ್ಕೆ, ಘಟ್ಟದ ಮೇಲಿನವರು ಇನ್ನೊಂದಕ್ಕೆ ಎಂದು ಬೇರೆಬೇರೆಯಾದದ್ದು ಆ ಹಂಚಿಕೆಯಲ್ಲಿಯೇ. ಹಂಚಿಕೊಂಡದ್ದೇನೋ ಆಯಿತು, ಆದರೆ ಗಡಿ ಎಲ್ಲಿ? ಯಾವ ಹಳ್ಳಿ ಯಾರ ಪಾಲಿಗೆ? ಎಷ್ಟು ಕೆರೆ, ಎಷ್ಟು ಗದ್ದೆ, ಎಷ್ಟು ಒಕ್ಕಲು? ಇದು ತಿಳಿಯದೆ ಆಳುವುದು ಹೇಗೆ? ಆಗ ಗವರ್ನರ್ ಜನರಲ್ ವೆಲ್ಲೆಸ್ಲಿ ಮೈಸೂರು ಸೀಮೆಯ ಮೋಜಣಿಗೆ ಆಜ್ಞೆ ಮಾಡಿ, ಮೆಕೆಂಜಿಯನ್ನು ಅದರ ಮುಖ್ಯಸ್ಥನನ್ನಾಗಿ ನೇಮಿಸಿದ.

ಮಿತ್ರರೇ, ಅಳೆಯಬೇಕಾಗಿದ್ದದ್ದು ಸುಮಾರು 40,000 ಚದರ ಮೈಲು. ಬೆಟ್ಟ, ಕಾಡು, ಕಣಿವೆ, ಹೊಳೆ. ಇಡೀ ನೆಲವನ್ನು ಸರಪಳಿ ಹಾಕಿ ಅಳೆಯುವುದು ಆಗದ ಮಾತು. ಅದಕ್ಕೊಂದು ಉಪಾಯವಿದೆ. ಸಮತಟ್ಟಾದ ಬಯಲಿನಲ್ಲಿ ಒಂದು ಗೆರೆಯನ್ನು ಮಾತ್ರ ಸರಪಳಿಯಿಂದ ಬಹಳ ಜಾಗ್ರತೆಯಾಗಿ ಅಳೆಯುತ್ತಾರೆ. ಇದು ಆಧಾರರೇಖೆ. ಅದರ ಎರಡು ತುದಿಗಳಲ್ಲಿ ನಿಂತು, ಥಿಯೋಡೊಲೈಟ್ ಎಂಬ ದುರ್ಬೀನಿನ ಯಂತ್ರದಿಂದ ದೂರದ ಒಂದು ಬೆಟ್ಟದ ತುದಿಯ ಬಾವುಟವನ್ನು ನೋಡಿ ಎರಡು ಕೋನಗಳನ್ನು ಹಿಡಿಯುತ್ತಾರೆ. ತ್ರಿಕೋನದ ಒಂದು ಬದಿಯೂ ಅದರ ಎರಡು ತುದಿಗಳ ಕೋನಗಳೂ ತಿಳಿದರೆ ಉಳಿದ ಎರಡು ಬದಿಗಳು ಲೆಕ್ಕದಿಂದ ಸಿಗುತ್ತವೆ, ನಡೆದು ಅಳೆಯಬೇಕಾಗಿಲ್ಲ. ಹೀಗೆ ಸಿಕ್ಕ ಬದಿಯೇ ಮುಂದಿನ ತ್ರಿಕೋನಕ್ಕೆ ಆಧಾರ. ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳ ಬಲೆ ಹಬ್ಬಿಸಿ, ಅದರೊಳಗೆ ಊರು, ಕೆರೆ, ದಾರಿಗಳನ್ನು ತುಂಬುತ್ತಾರೆ.

ಅದೇ ಕಾಲದಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಇನ್ನೊಬ್ಬ ಅಧಿಕಾರಿಯೂ ನಮ್ಮ ನೆಲದ ಮೇಲೆ ಅಳೆಯುತ್ತಿದ್ದ. 1800ರಲ್ಲಿ ಬೆಂಗಳೂರಿನ ಹತ್ತಿರ ಏಳು ಮೈಲಿಗೂ ಹೆಚ್ಚು ಉದ್ದದ ಆಧಾರರೇಖೆಯನ್ನು ಅಳೆದವನು ಅವನೇ. ಅವನ ಉಕ್ಕಿನ ಸರಪಳಿ 100 ಅಡಿ. ಎರಡೂವರೆ ಅಡಿಯ 40 ಕೊಂಡಿಗಳು. ಚೀನಾದ ಚಕ್ರವರ್ತಿಗೆಂದು ಒಯ್ದ ಕಾಣಿಕೆಗಳಲ್ಲಿ ಒಂದಾಗಿ ಹೋಗಿ, ಅಲ್ಲಿ ಬೇಡವಾಗಿ ತಿರುಗಿ ಬಂದ ಸರಪಳಿ ಅದು. ಲ್ಯಾಂಬ್ಟನ್ನಿಗೆ ಬೇಕಾಗಿದ್ದದ್ದು ಭೂಮಿಯ ಆಕಾರ. 1802ರಲ್ಲಿ ಮದ್ರಾಸಿನಿಂದ ಅವನು ಆರಂಭಿಸಿದ ಅಳತೆಯೇ ಮುಂದೆ ಹಿಮಾಲಯದವರೆಗೆ ಹೋಯಿತು. ಮೆಕೆಂಜಿಗೆ ಬೇಕಾಗಿದ್ದದ್ದು ನೆಲದ ಮೇಲಿನ ಬಾಳು. ಒಬ್ಬ ಎಲುಬು ಎಣಿಸಿದ, ಇನ್ನೊಬ್ಬ ಮೈ ಮುಟ್ಟಿ ನೋಡಿದ ಎನ್ನಬಹುದು.

ಈಗ ನಮ್ಮ ಪ್ರಶ್ನೆಗೆ ಬರೋಣ. ಸಾಹೇಬ ಕೋನ ನೋಡುವ ಮೊದಲು ಬೆಟ್ಟದ ತುದಿಗೆ ಹತ್ತಿ ಬಾವುಟ ನೆಡುವವನು ಒಬ್ಬ ಬೇಕು. ಅಡ್ಡ ಬಂದ ಮರ, ಪೊದೆ ಕಡಿಯುವವನು ಬೇಕು. ಸರಪಳಿಯ ಎರಡು ತುದಿ ಹಿಡಿಯಲು ಇಬ್ಬರು ಬೇಕು. ಯಂತ್ರದ ಪೆಟ್ಟಿಗೆ ಹೊರುವವರು, ಡೇರೆ ಹೊಡೆಯುವವರು, ಎತ್ತು ಅಟ್ಟುವವರು, ನೀರು ತರುವವರು, ಅಡಿಗೆ ಮಾಡುವವರು, ದಾರಿ ತೋರಿಸುವ ಹಳ್ಳಿಯವರು ಬೇಕು. ಕಲಾಸಿಗಳು ಎಂದೂ ಲಸ್ಕರರು ಎಂದೂ ಕರೆಸಿಕೊಂಡವರು ಇವರೇ. ನಕ್ಷೆಯ ಮೂಲೆಯಲ್ಲಿ ಇವರ ಹೆಸರಿಲ್ಲ.

ಇನ್ನು ಹುಡುಗರ ಸಂಗತಿ. ಮದ್ರಾಸಿನಲ್ಲಿ 1794ರಲ್ಲಿ ಒಂದು ಮೋಜಣಿ ಶಾಲೆ ತೆರೆದಿದ್ದರು. ಸೈನಿಕರ ಅನಾಥ ಮಕ್ಕಳ ಆಶ್ರಮದಿಂದ ಹುಡುಗರನ್ನು ಆರಿಸಿ, ಲೆಕ್ಕವನ್ನೂ ನಕ್ಷೆ ಬರೆಯುವುದನ್ನೂ ಕಲಿಸಿ, ಮೋಜಣಿಗೆ ಕಳಿಸುತ್ತಿದ್ದರು. ಇಂಗ್ಲೆಂಡಿನಿಂದ ದೊಡ್ಡ ಸಂಬಳದ ಅಧಿಕಾರಿಗಳನ್ನು ಕರೆಸುವುದಕ್ಕಿಂತ ಇದು ಕಂಪನಿಗೆ ಅಗ್ಗ. ಮೈಸೂರು ಮೋಜಣಿಯ ದಿನನಿತ್ಯದ ಕೆಲಸದ ಬಹುಭಾಗ ಇಂಥ ಹುಡುಗರ ಕೈಯಿಂದ ಆಯಿತು. ಮೀಸೆ ಮೂಡುವ ಮೊದಲೇ ಊರು ಬಿಟ್ಟು, ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯಲು ನಿಂತ ನಮ್ಮಂಥವರಿಗೆ ಆ ಹುಡುಗರ ಪಾಡು ಬಿಡಿಸಿ ಹೇಳಬೇಕಾಗಿಲ್ಲ. ಮಲೆನಾಡಿನ ಅಂಚಿನಲ್ಲಿ, ಕಾಡಿನಲ್ಲಿ ಚಳಿಜ್ವರ ಹಿಡಿದು ಇಡೀ ತಂಡವೇ ಮಲಗಿದ ದಿನಗಳಿದ್ದವು. ಮೆಕೆಂಜಿಯೂ ಜ್ವರದಿಂದ ನರಳಿದ. ಜ್ವರಕ್ಕೆ ಕಾರಣ ಸೊಳ್ಳೆ ಎಂದು ತಿಳಿಯಲು ಇನ್ನೂ ನೂರು ವರ್ಷ ಕಾಯಬೇಕಾಗಿದ್ದ ಕಾಲ ಅದು.

ಕಂಪನಿಯಾದರೋ ಖರ್ಚಿನ ಮೇಲೆ ಕಣ್ಣಿಟ್ಟಿತು. ಕೆಲಸ ಹೆಚ್ಚು ಬೇಕು, ಹಣ ಕಡಿಮೆ ಕೊಡಬೇಕು. ಮೋಜಣಿಯ ಜನರನ್ನು ಕಡಿಮೆ ಮಾಡಿದರು, ಮೆಕೆಂಜಿಯ ಭತ್ಯೆಗೂ ಕತ್ತರಿ ಹಾಕಿದರು. ಅವನು ತಕರಾರು ಬರೆದ. ಧಣಿಗಳ ಈ ಗುಣ ಸಮುದ್ರದ ಆಚೆಯದೂ ಈಚೆಯದೂ ಒಂದೇ.

ಮೆಕೆಂಜಿಗೆ ಒಂದು ದೊಡ್ಡ ಕೊರತೆ ಇತ್ತು. ಅವನಿಗೆ ಈ ದೇಶದ ಭಾಷೆಗಳು ಬರುತ್ತಿರಲಿಲ್ಲ. ಹಾಗಿದ್ದೂ ಊರೂರಿನ ಚರಿತ್ರೆ, ದೇವಸ್ಥಾನದ ಕಥೆ, ಪಾಳೆಯಗಾರರ ವಂಶಾವಳಿ, ಕಲ್ಲಿನ ಶಾಸನ ಎಲ್ಲವೂ ಅವನಿಗೆ ಬೇಕಾಗಿದ್ದವು. ಇದನ್ನು ಸಾಧ್ಯ ಮಾಡಿಕೊಟ್ಟವರು ಏಲೂರಿನ ತೆಲುಗು ಬ್ರಾಹ್ಮಣ ಮನೆತನದ ಅಣ್ಣತಮ್ಮಂದಿರು: ಕಾವಲಿ ವೆಂಕಟ ಬೋರಯ್ಯ, ಲಕ್ಷ್ಮಯ್ಯ, ರಾಮಸ್ವಾಮಿ. ಬೋರಯ್ಯನವರು ಅನೇಕ ಭಾಷೆ ಬಲ್ಲ ತರುಣರು. ಹಳ್ಳಿಗೆ ಹೋದರೆ ಜನರಿಗೆ ಭಯ: ಬರೆದುಕೊಂಡು ಹೋಗುವವರು ನಾಳೆ ಕಂದಾಯ ಏರಿಸಲು ಬರುತ್ತಾರೆ ಎಂದು. ಆ ಭಯ ಸುಳ್ಳೂ ಆಗಿರಲಿಲ್ಲ. ಅಂಥಲ್ಲಿ ಪಟೇಲ, ಶಾನುಭೋಗ, ಪೂಜಾರಿಗಳನ್ನು ನಯವಾಗಿ ಮಾತಾಡಿಸಿ ಕಡತ ಬಿಚ್ಚಿಸಿದವರು ಈ ಪಂಡಿತರು. ಕಡತವೆಂದರೆ ಬಟ್ಟೆಗೆ ಹುಣಿಸೆಬೀಜದ ಅಂಟು, ಇದ್ದಿಲ ಕರಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ ಬಳಪದಿಂದ ಬರೆಯುತ್ತಿದ್ದ ಪುಸ್ತಕ. ನಮ್ಮ ಸೀಮೆಯ ಲೆಕ್ಕವೂ ನೆನಪೂ ಅದರಲ್ಲಿ ಇರುತ್ತಿತ್ತು. ಬೋರಯ್ಯನವರು ಮೂವತ್ತು ದಾಟುವ ಮೊದಲೇ, 1803ರಲ್ಲಿ ತೀರಿಕೊಂಡರು. ತಮ್ಮ ಲಕ್ಷ್ಮಯ್ಯನವರು ಆ ಕೆಲಸದ ಹೊರೆ ಹೊತ್ತರು.

ಹಳಗನ್ನಡದ ಶಾಸನಗಳನ್ನು ಓದಿಕೊಟ್ಟವರು ಇನ್ನೊಬ್ಬರು. ಅವರು ಇಂದಿನ ಚಾಮರಾಜನಗರ ಜಿಲ್ಲೆಯ ಮಲೆಯೂರಿನ ಜೈನ ಪಂಡಿತ ಧರ್ಮಯ್ಯನವರು. ನೂರಾರು ವರ್ಷಗಳಿಂದ ಗುಡಿಯ ಮುಂದೆ ನಿಂತಿದ್ದ ಕಲ್ಲು, ಊರಿನವರಿಗೇ ಓದಲು ಬಾರದ ಅಕ್ಷರ, ಅದನ್ನು ಓದಿ ಅರ್ಥ ಹೇಳಿದವರು ಅವರು. ಮೆಕೆಂಜಿ ಹೆಸರಿನಲ್ಲಿ ಜೈನರ ವಿಷಯವಾಗಿ ಏಷಿಯಾಟಿಕ್ ರಿಸರ್ಚಸ್ ಎಂಬ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಅದರ ತಲೆಬರಹದಲ್ಲಿಯೇ, ಒಬ್ಬ ಜೈನ ಪುರೋಹಿತನಿಂದ ಸಂಗ್ರಹಿಸಿ ಬೋರಯ್ಯ ಅನುವಾದ ಮಾಡಿದ್ದು ಎಂದು ಅಚ್ಚಾಗಿದೆ. ಇದನ್ನು ನಾವು ನ್ಯಾಯವಾಗಿ ಹೇಳಬೇಕು. ಆ ಕಾಲದ ಅನೇಕ ಸಾಹೇಬರು ಕೈಕೆಳಗಿನವರ ಹೆಸರನ್ನು ನುಂಗಿದರು, ಮೆಕೆಂಜಿ ನುಂಗಲಿಲ್ಲ. ಬೋರಯ್ಯನವರ ಸ್ನೇಹದಿಂದಲೇ ತನಗೆ ಈ ದೇಶದ ವಿದ್ಯೆಯ ಬಾಗಿಲು ತೆರೆಯಿತೆಂದು 1817ರ ಪತ್ರವೊಂದರಲ್ಲಿ ಅವನೇ ಬರೆದ.

ಮೈಸೂರಿನ ಕೆಲಸ ಹತ್ತು ವರ್ಷಗಳ ಹತ್ತಿರ ನಡೆಯಿತು. ನಕ್ಷೆಗಳೂ ದಪ್ಪ ದಪ್ಪ ವರದಿಗಳೂ ಸಿದ್ಧವಾದವು. 1810ರಲ್ಲಿ ಕಂಪನಿಯ ಡೈರೆಕ್ಟರರು ಹೊಗಳಿ ಬರೆದರು. ಅದೇ ವರ್ಷ ಅವನು ಮದ್ರಾಸ್ ಪ್ರಾಂತದ ಸರ್ವೇಯರ್ ಜನರಲ್ ಆದ. 1811ರಲ್ಲಿ ಇಂಗ್ಲಿಷರು ಜಾವಾ ದ್ವೀಪವನ್ನು ಡಚ್ಚರಿಂದ ಕಿತ್ತುಕೊಂಡಾಗ ಆ ಸೈನ್ಯದ ಇಂಜಿನಿಯರ್ ಅವನೇ. ಅಲ್ಲಿಯೇ 1812ರಲ್ಲಿ ಮದುವೆಯೂ ಆಯಿತು. 1815ರಲ್ಲಿ ಇಡೀ ಭಾರತಕ್ಕೆ ಮೊದಲ ಸರ್ವೇಯರ್ ಜನರಲ್ ಆಗಿ ನೇಮಕಗೊಂಡ. 1817ರಲ್ಲಿ ಕಲಕತ್ತೆಗೆ ಹೋದ. ಲಕ್ಷ್ಮಯ್ಯ, ಧರ್ಮಯ್ಯ ಮೊದಲಾದವರಲ್ಲಿ ಕೆಲವರು ದಕ್ಷಿಣ ಬಿಟ್ಟು ಅವನ ಹಿಂದೆ ಅಷ್ಟು ದೂರ ಹೋದರು. 1821ರ ಮೇ 8ರಂದು ಅವನು ತೀರಿಕೊಂಡ. ತಾನು ಕೂಡಿಸಿದ್ದನ್ನು ಒಪ್ಪ ಮಾಡಿ ಗ್ರಂಥ ಬರೆಯಬೇಕೆಂಬ ಆಸೆ ಆಸೆಯಾಗಿಯೇ ಉಳಿಯಿತು.

ಕೂಡಿಸಿದ್ದಾದರೂ ಎಷ್ಟು? 1,568 ಕಾವ್ಯ-ಶಾಸ್ತ್ರಗಳ ಹಸ್ತಪ್ರತಿ, 2,070 ಸ್ಥಳಚರಿತ್ರೆ, 8,076 ಶಾಸನಗಳ ಪ್ರತಿ, 2,630 ಚಿತ್ರ, 6,218 ನಾಣ್ಯ. ಬಹುಪಾಲು ಅವನ ಸ್ವಂತ ಖರ್ಚಿನಿಂದ. ವಿಧವೆಯಿಂದ ಕಂಪನಿ ಇದನ್ನೆಲ್ಲ ಒಂದು ಲಕ್ಷ ರೂಪಾಯಿಗೆ ಕೊಂಡಿತು. ವಿಲ್ಸನ್ ಎಂಬ ವಿದ್ವಾಂಸ 1828ರಲ್ಲಿ ಅದರ ಪಟ್ಟಿ ಅಚ್ಚುಮಾಡಿಸಿದ. ವಿಲ್ಸನ್ನನಿಗೆ ದಕ್ಷಿಣದ ಭಾಷೆಗಳು ಬಾರವು. ಪಂಡಿತರು ಇಂಗ್ಲಿಷಿನಲ್ಲಿ ಬರೆದುಕೊಟ್ಟ ಸಾರಾಂಶವೇ ಅವನಿಗೆ ಕಣ್ಣು.

ಈಗ ಕೇಳಿ, ಬಂಧುಗಳೇ, ಕಥೆಯ ಕಹಿ ಭಾಗ. ಸುಮಾರು ಇಪ್ಪತ್ತೈದು ವರ್ಷ ಈ ಕೆಲಸದಲ್ಲಿ ಮೈ ಸವೆಸಿದ್ದ ಲಕ್ಷ್ಮಯ್ಯನವರು, ನಿಂತುಹೋದ ಸಂಶೋಧನೆಯನ್ನು ಮುಂದುವರಿಸಲು ನಮಗೆ ಕೊಡಿ ಎಂದು ಮನವಿ ಮಾಡಿದರು. 1830ರ ದಶಕದಲ್ಲಿ ಆ ಮನವಿ ಬಂಗಾಳದ ಏಷಿಯಾಟಿಕ್ ಸೊಸೈಟಿಯ ವಿಚಾರಕ್ಕೆ ಹೋಯಿತು. ಏನೆಂದರು ಗೊತ್ತೆ? ಸಾಮಗ್ರಿ ಕೂಡಿಸಲು ಇವರು ಸರಿ. ಆದರೆ ಅದನ್ನು ತೂಗಿ ನೋಡಿ ನಡೆಸಲು ಯಜಮಾನನ ತಲೆ ಬೇಕು, ಅದು ದೇಶೀಯರಿಗೆ ಇಲ್ಲ ಎಂಬ ಅರ್ಥದ ಮಾತು ಹೇಳಿ ತಳ್ಳಿಹಾಕಿದರು. ಕೆಲಸ ಒಬ್ಬ ಪಾದ್ರಿಗೆ ಹೋಯಿತು. ಅದಕ್ಕೆ ಕೆಲವೇ ವರ್ಷ ಮೊದಲು, 1829ರಲ್ಲಿ, ಲಕ್ಷ್ಮಯ್ಯನವರ ತಮ್ಮ ರಾಮಸ್ವಾಮಿಯವರು ದಕ್ಷಿಣದ ಕವಿಗಳ ಚರಿತ್ರೆಯನ್ನು ಇಂಗ್ಲಿಷಿನಲ್ಲಿಯೇ ಬರೆದು ಕಲಕತ್ತೆಯಲ್ಲಿ ಅಚ್ಚು ಹಾಕಿಸಿದ್ದರು. ತಲೆ ಇತ್ತು, ಕುರ್ಚಿ ಕೊಡಲಿಲ್ಲ.

ಈ ಮಾತು ನಮಗೆ ಹೊಸದೇ? ಅಡಿಗೆಯ ಭಟ್ಟರು ಮೂವತ್ತು ವರ್ಷ ಒಂದೇ ಒಲೆಯ ಮುಂದೆ ನಿಂತು ಹೋಟೆಲಿಗೆ ಹೆಸರು ತರುತ್ತಾರೆ. ಗಲ್ಲೆಯ ಮೇಲೆ ಕೂಡಲು ಬೇರೆಯವರು ಬರುತ್ತಾರೆ. ಸಾಂಚೆಯ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಿದ್ದ ಗಿರಣಿ ಕೆಲಸಗಾರ ಕೊನೆಯವರೆಗೂ ‘ಕೈ’ ಆಗಿಯೇ ಉಳಿದ. ನಾವು ಕೆಲಸ ಮಾಡಿದ ಒಂದು ಹೋಟೆಲಿನಲ್ಲಿ ಹನ್ನೊಂದು ಜನ ದುಡಿಯುತ್ತಿದ್ದೆವು. ಹಾಜರಿ ಪುಸ್ತಕದಲ್ಲಿ ಇದ್ದದ್ದು ನಾಲ್ಕು ಹೆಸರು. ಹೋಟೆಲು ಮುಚ್ಚಿದ ದಿನ ಉಳಿದ ಏಳು ಜನ ಅಲ್ಲಿ ದುಡಿದದ್ದಕ್ಕೆ ಒಂದು ಚೂರು ಕಾಗದವೂ ಇರಲಿಲ್ಲ. ಮುಟ್ಟಿದ ಪಾತ್ರೆ ಸಾಕ್ಷಿ ಹೇಳುವುದಿಲ್ಲ.

1816ರಲ್ಲಿ ಥಾಮಸ್ ಹಿಕ್ಕಿ ಎಂಬ ಚಿತ್ರಗಾರ ಮೆಕೆಂಜಿಯ ಚಿತ್ರ ಬರೆದ. ಅದು ಲಂಡನ್ನಿನಲ್ಲಿದೆ. ನಡುವೆ ಕೆಂಪು ಅಂಗಿಯ ಸಾಹೇಬ, ಹಿಂದೆ ದೂರದಲ್ಲಿ ಗೊಮ್ಮಟನ ಮೂರ್ತಿ. ಸಾಹೇಬನ ಸುತ್ತ ನಮ್ಮ ದೇಶದವರು ಮೂವರು. ಓಲೆಗರಿ ಹಿಡಿದವರು ಧರ್ಮಯ್ಯ, ಇನ್ನೊಬ್ಬರು ಲಕ್ಷ್ಮಯ್ಯ, ದುರ್ಬೀನು ಹಿಡಿದ ಜವಾನ ಕೃಷ್ಣಾಜಿ ಎಂದು ತಿಳಿದವರು ಗುರುತಿಸುತ್ತಾರೆ. ಬಾವುಟ ನೆಟ್ಟವರು, ಸರಪಳಿ ಎಳೆದವರ ಪೈಕಿ ಯಾರ ಮುಖವೂ ನಮಗೆ ಉಳಿದಿಲ್ಲ. ಆ ಎಲ್ಲರ ಪರವಾಗಿ ಒಬ್ಬ ಜವಾನನ ಮುಖವಾದರೂ ಉಳಿಯಿತಲ್ಲ ಎಂದು ನಾವು ಆ ಚಿತ್ರವನ್ನು ನೋಡುತ್ತೇವೆ.

ಹಾಗಾದರೆ ಮೆಕೆಂಜಿಯನ್ನು ಪೂಜಿಸೋಣವೇ, ತೆಗಳೋಣವೇ? ಎರಡೂ ಬೇಡ. ನಕ್ಷೆ ಆದದ್ದು ಕಂಪನಿಯ ದಂಡಿಗೆ ದಾರಿ ತೋರಿಸಲು, ಕಂದಾಯಕ್ಕೆ ಲೆಕ್ಕ ಹಿಡಿಯಲು. ಅದು ಸತ್ಯ. ಆದರೆ ಅದರ ಜೊತೆಗೆ ಕೂಡಿಸಿದ ಊರಿನ ಚರಿತ್ರೆಗಳು, ಕೈಫಿಯತ್ತುಗಳು, ಇಲ್ಲದಿದ್ದರೆ ಗೆದ್ದಲಿನ ಪಾಲಾಗುತ್ತಿದ್ದವು. ಅದೂ ಸತ್ಯ. ಹಂಪೆಯ ಹಾಳುಗಳನ್ನು ಅಳೆದು ಬರೆಸಿದ ಮೊದಲ ನಕ್ಷೆಯೂ ಅವನದೇ. ಕನ್ನಡದ ಕೈಫಿಯತ್ತುಗಳನ್ನು ಡಾಕ್ಟರ್ ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ, 1994ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿತು. ಅಂದು ಶಾನುಭೋಗ ಹೇಳಿ ಪಂಡಿತ ಬರೆದುಕೊಂಡದ್ದು ಇಂದು ಕನ್ನಡದ ಸ್ವತ್ತು. ಬರೆಸಿದವನ ಉದ್ದೇಶ ಏನೇ ಇರಲಿ, ಬರೆದದ್ದು ಉಳಿಯಿತು. ಉಳಿದದ್ದು ಕೊನೆಗೆ ನಮಗೆ ಬಂತು.

ಇಲ್ಲಿಂದ ನಾವು ಕಲಿಯುವ ಪಾಠ ಒಂದೇ: ಬರೆದಿಟ್ಟವನ ಹೆಸರು ಉಳಿಯುತ್ತದೆ. ನಮ್ಮನ್ನು ಬರೆದಿಡಲು ಯಾವ ಸಾಹೇಬನೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಮುಂಬಯಿಯಲ್ಲಿ ಕನ್ನಡಿಗರ ಹೋಟೆಲುಗಳು ಎದ್ದದ್ದು ಹೇಗೆ, ಗಿರಣಿಗಳಲ್ಲಿ ನಮ್ಮವರು ಎಷ್ಟು ಜನ ಬದಲಿ ಕೆಲಸಗಾರರಾಗಿಯೇ ಮುದುಕರಾದರು, 1982ರ ಮುಷ್ಕರದಲ್ಲಿ ಯಾವ ಯಾವ ಮನೆಯ ಒಲೆ ಆರಿತು, ಇದನ್ನೆಲ್ಲ ಬಲ್ಲವರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಅವರೇ ನಮ್ಮ ಕಡತಗಳು.

ಆದ್ದರಿಂದ ನಮ್ಮ ಸೂಚನೆ ಎರಡು. ಒಂದು: ಸಂಘದಲ್ಲಿ ಒಂದು ದಪ್ಪ ಪುಸ್ತಕ ಇಡೋಣ. ಪ್ರತಿಯೊಬ್ಬ ಸದಸ್ಯನೂ ತನ್ನ ಹೆಸರು, ಹುಟ್ಟಿದ ಊರು, ಯಾವ ಹೋಟೆಲು ಅಥವಾ ಗಿರಣಿ, ಯಾವ ಕೆಲಸ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂದು ಬರೆಸಿ, ಜೊತೆಗಾರರಿಬ್ಬರ ಸಹಿ ಹಾಕಿಸಬೇಕು. ನಾಳೆ ಹಕ್ಕು ಕೇಳಲು ಹೋದಾಗ ಪುರಾವೆ ಏನು ಎಂದು ಕೇಳಿದರೆ, ತೋರಿಸಲು ಇದೂ ಒಂದು ಆಗುತ್ತದೆ. ಎರಡು: ಅಕ್ಷರ ಬಲ್ಲ ತರುಣರು ತಿಂಗಳಿಗೆ ಒಬ್ಬ ಹಿರಿಯರ ಮನೆಗೆ ಹೋಗಿ, ಅವರು ಹೇಳಿದಂತೆಯೇ ಬರೆದುಕೊಂಡು ಬಂದು ನಮ್ಮ ಪತ್ರಿಕೆಗೆ ಕೊಡಬೇಕು. ಭಾಷೆ ತಿದ್ದಬೇಕಾಗಿಲ್ಲ, ಚಂದ ಮಾಡಬೇಕಾಗಿಲ್ಲ. ಹೇಳಿದವರ ಹೆಸರನ್ನು ಮಾತ್ರ ಮೇಲೆ ದಪ್ಪ ಅಕ್ಷರದಲ್ಲಿ ಹಾಕಬೇಕು.

ಪುಸ್ತಕವನ್ನು ಕಾರ್ಯದರ್ಶಿಗಳು ಇಂದೇ ತಂದು ಮೇಜಿನ ಮೇಲೆ ಇಟ್ಟಿದ್ದಾರೆ. ಗೆರೆ ಹೊಡೆದು ಆಗಿದೆ. ರಾತ್ರಿ ಪಾಳಿಗೆ ಹೋಗಬೇಕಾದವರು ಮೊದಲು ಬಂದು ಬರೆಸಲಿ, ಉಳಿದವರು ಆಮೇಲೆ.